ಗಾಜಿನ ಕೋಣೆ

ಅತ್ತೆ ಮತ್ತೆ ಫೋನು ಹಿಡಿದುಕೊಂಡು ಬಂದರು. ಒದ್ದೆ ಕೈಯನ್ನು ಟವೆಲ್ಲಿಗೆ ಒರೆಸಿ, ಫೋನಿನ ಗಾಜನ್ನೂ ಅದೇ ಟವೆಲ್ಲಿನಿಂದ ಒರೆಸಿ, ಮಂಕಾದದ್ದು ಗಾಜೋ ತಮ್ಮ ಕಣ್ಣೋ ಎಂಬ ಅನುಮಾನದಲ್ಲಿ ಒಮ್ಮೆ ದೂರ ಹಿಡಿದು, ಒಮ್ಮೆ ಹತ್ತಿರ ಹಿಡಿದು, ಕೊನೆಗೆ ಸೊಸೆಯ ಮುಂದೆ ಚಾಚಿದರು. ಅವಳು ಮಗಳಿಗೆ ಜಡೆ ಹಾಕುತ್ತಿದ್ದಳು. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡಿದ್ದರಿಂದ ತಕ್ಷಣ ಮಾತಾಡುವ ಹಾಗಿರಲಿಲ್ಲ. ಆ ಕ್ಲಿಪ್ಪು ತನ್ನನ್ನು ಕಾಪಾಡಿತು ಅನ್ನಿಸಿ, ಅನ್ನಿಸಿದ್ದಕ್ಕೇ ನಾಚಿಕೆಯಾಯಿತು.

"ಇದಕ್ಕೇನಾಗಿದೆ ಸ್ವಲ್ಪ ನೋಡೇ," ಅಂದರು ಅತ್ತೆ. "ನಾನು ಬರೆದದ್ದು ಹೋಗ್ತಾ ಇದೆ. ಇಗೋ, ಇಲ್ಲಿ ಕಾಣ್ತಾನೂ ಇದೆ. ಆದ್ರೆ ಒಬ್ಬರೂ ತುಟಿ ಪಿಟಕ್ ಅನ್ನೋದಿಲ್ಲ."

"ನೆಟ್‌ವರ್ಕ್ ತೊಂದರೆ ಇರ್ಬೇಕು ಅತ್ತೆ," ಅಂದಳು ಕೊನೆಗೆ, ಕ್ಲಿಪ್ಪಿನ ಸಂದಿಯಿಂದಲೇ.

"ನೆಟ್‌ವರ್ಕ್ ಇಲ್ದಿದ್ರೆ ಅವರು ಬರೆದದ್ದು ನನಗೆ ಹೇಗೆ ಬರುತ್ತೆ? ನನ್ನ ಕಡೆಯಿಂದ ಹೋಗೋ ದಾರಿ ಮಾತ್ರ ಕಟ್ಟಿಕೊಂಡಿದೆಯಾ?"

ಮಗಳು ತಲೆ ಅಲ್ಲಾಡಿಸದೆ ಕಣ್ಣನ್ನಷ್ಟೇ ಹೊರಳಿಸಿ, "ಅಜ್ಜಿ, ಅವರೆಲ್ಲ ನಿನ್ನ ಜೊತೆ ಟೂ ಬಿಟ್ಟಿರ್ಬೇಕು" ಅಂದಳು.

"ಟೂ ಬಿಡೋದಾದ್ರೆ ಹೇಳಿ ಬಿಡ್ಬೇಕಲ್ವೇನೇ ಪುಟ್ಟಿ? ಮುಂದೆ ನಿಂತು, ಬೆರಳು ತೋರಿಸಿ ಬಿಡ್ಬೇಕು. ಹೇಳದೆ ಕೇಳದೆ ಟೂ ಬಿಟ್ರೆ ಬಿಡಿಸಿಕೊಂಡವಳಿಗೆ ಗೊತ್ತಾಗೋದು ಹೇಗೆ?" ಅತ್ತೆ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ಫೋನನ್ನು ಸೊಸೆಯ ಮುಂದಿನಿಂದ ಹಿಂದಕ್ಕೆ ತೆಗೆದುಕೊಂಡರು.

ಕ್ಲಿಪ್ಪು ಬಾಯಿಂದ ತೆಗೆದು ಜಡೆಗೆ ಸಿಕ್ಕಿಸುತ್ತ ಅವಳು, "ನಿಮ್ಮ ಬೇಸರ ನನಗೆ ಅರ್ಥವಾಗುತ್ತೆ ಅತ್ತೆ. ಸಂಜೆ ಬಂದು ಖಂಡಿತ ನೋಡ್ತೀನಿ" ಅಂದಳು. ಅಂದ ಮೇಲೆ ಗೊತ್ತಾಯಿತು, ಅದು ಆಫೀಸಿನ ವಾಕ್ಯ. ಸದಸ್ಯರ ಬೇಸರ ನಮಗೆ ಅರ್ಥವಾಗುತ್ತದೆ, ಆದಷ್ಟು ಬೇಗ ಪರಿಶೀಲಿಸುತ್ತೇವೆ. ದಿನವಿಡೀ ಟೈಪು ಮಾಡಿ ಟೈಪು ಮಾಡಿ ಆ ವಾಕ್ಯ ಬೆರಳಿನಿಂದ ನಾಲಿಗೆಗೆ ಹತ್ತಿ, ಈಗ ಮನೆಯಲ್ಲೂ ತಾನಾಗಿ ಉದುರುತ್ತಿತ್ತು. ಮೊನ್ನೆ ಗಂಡ ಸಾರಿನಲ್ಲಿ ಉಪ್ಪಿಲ್ಲ ಅಂದಾಗಲೂ ಅದನ್ನೇ ಅಂದಿದ್ದಳು. ಅವನು ಚಮಚ ಕೆಳಗಿಟ್ಟು, "ಪರಿಶೀಲಿಸಿ, ಪರಿಶೀಲಿಸಿ" ಅಂದಿದ್ದ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಸೀಟು ಸಿಕ್ಕಿದ ದಿನ ಯೋಚನೆ ಜಾಸ್ತಿ. ನಿಂತು ಹೋಗುವ ದಿನ ಬ್ಯಾಗು, ಕಂಬಿ, ಪಕ್ಕದವರ ಮೊಣಕೈ ಇವುಗಳ ನಡುವೆ ಮನಸ್ಸಿಗೆ ಕಾಲೂರಲು ಜಾಗವಿರುವುದಿಲ್ಲ. ಕಿಟಕಿಯ ಗಾಜಿನಲ್ಲಿ ತನ್ನ ಮುಖ, ಅದರ ಹಿಂದೆ ಓಡುವ ಅಂಗಡಿಗಳು, ಷಟರು ಎತ್ತುವವರು, ಮೆಟ್ಟಿಲಿಗೆ ನೀರು ಹೊಯ್ಯುವವರು. ಎಲ್ಲರೂ ಏನೋ ಹೇಳುತ್ತಿದ್ದರು, ಗಾಜು ಹಾಕಿದ್ದರಿಂದ ಒಂದೂ ಕೇಳಿಸುತ್ತಿರಲಿಲ್ಲ. ಅತ್ತೆಗೆ ಇದರ ತಿರುವುಮುರುವು. ಹೊರಗಿನದೆಲ್ಲ ಅವರಿಗೆ ಕೇಳಿಸುತ್ತದೆ. ಅವರು ಕೂಗಿದ್ದು ಮಾತ್ರ ಹೊರಗೆ ಹೋಗುವುದಿಲ್ಲ. ಹಾಗೆ ಮಾಡಿದವಳು ತಾನೇ. ಒಂದು ಗುಂಡಿ ಒತ್ತಿ.

ಬಟ್ಟೆ ಒಗೆಯುವ ಮಷೀನು ಮಾಡುವ ಕಂಪನಿಯೊಂದು ತನ್ನ ಮಷೀನು ಕೊಂಡವರಿಗೆಲ್ಲ ಫೋನಿನೊಳಗೆ ಒಂದು ಬಳಗ ಕಟ್ಟಿಕೊಟ್ಟಿತ್ತು. ಮಷೀನಿನ ಮೇಲೆ ಅಂಟಿಸಿದ ಕ್ಯೂಆರ್ ಚೌಕಕ್ಕೆ ಫೋನು ಹಿಡಿದರೆ ಸಾಕು, ಬಳಗದ ಬಾಗಿಲು ತೆರೆಯುತ್ತಿತ್ತು. ಕಲೆ ತೆಗೆಯುವುದು ಹೇಗೆಂದು ಕೇಳಲು ಬಂದವರು ಕಲೆಯನ್ನು ಮರೆತು ಜಗಳಕ್ಕೆ ಉಳಿದುಕೊಳ್ಳುತ್ತಿದ್ದರು. ಪುಡಿಯೋ ದ್ರವವೋ, ಬಿಸಿ ನೀರೋ ತಣ್ಣೀರೋ, ಒಗೆದ ಮೇಲೆ ಬಾಗಿಲು ತೆರೆದಿಡಬೇಕೋ ಮುಚ್ಚಬೇಕೋ. ಆಮೇಲೆ ಅದು ಪುಡಿಯ ಮಾತಾಗಿ ಉಳಿಯುತ್ತಿರಲಿಲ್ಲ. 'ನಿಮ್ಮ ಮನೆಯಲ್ಲಿ ಹೇಗೋ ಗೊತ್ತಿಲ್ಲ, ನಮ್ಮ ಮನೆಯಲ್ಲಿ...' ಎಂದು ಯಾರೋ ಶುರುಮಾಡುತ್ತಿದ್ದರು. ಅಲ್ಲಿಗೆ ಎರಡು ಮನೆಗಳ ಮೈಲಿಗೆಯೆಲ್ಲ ಬೀದಿಗೆ ಬರುತ್ತಿತ್ತು. ಇಂಥ ಬಳಗಗಳನ್ನು ಹಲವು ಕಂಪನಿಗಳ ಪರವಾಗಿ ಕಾಯುವ ಆಫೀಸೊಂದರಲ್ಲಿ ಅವಳಿಗೆ ಕೆಲಸ. ಜಗಳದ ನಡುವೆ ಹೋಗಿ ಕೂರುವುದು, ಎರಡೂ ಕಡೆಯವರಿಗೆ ನಿಮ್ಮ ಬೇಸರ ಅರ್ಥವಾಗುತ್ತದೆ ಅನ್ನುವುದು. ಅಲ್ಲಿ ಅವಳಿಗೆ ಹೆಸರಿಲ್ಲ, ನಿರ್ವಾಹಕಿ ಅಷ್ಟೇ. ಯಾವ ಕಂಪನಿಯ ಕೆಲಸ ಎಂದು ಮನೆಯಲ್ಲೂ ಹೇಳಬಾರದು, ಮನೆಯವರು ಯಾರೂ ಆ ಬಳಗದಲ್ಲಿ ಇರಬಾರದು ಎಂಬುದು ಸೇರುವಾಗಲೇ ಹಾಕಿದ ಷರತ್ತು. ಹೀಗಾಗಿ ಮನೆಯಲ್ಲಿ ಗೊತ್ತಿದ್ದದ್ದು ಇಷ್ಟೇ: ಕಂಪ್ಯೂಟರ್ ಮುಂದೆ ಕೂತು ಗಿರಾಕಿಗಳಿಗೆ ಉತ್ತರ ಬರೆಯುತ್ತಾಳೆ.

ಆ ಬಳಗದಲ್ಲಿ 'ಒಗೆಯೋ ಕಲ್ಲು' ಎಂಬ ಹೆಸರಿಟ್ಟುಕೊಂಡ ಒಬ್ಬರಿದ್ದರು. ಹೆಸರಿಗೆ ತಕ್ಕ ಹಾಗೆ, ಸಿಕ್ಕವರನ್ನೆಲ್ಲ ಹಿಂಡಿ ಒಣಹಾಕುತ್ತಿದ್ದರು. ಅವರ ಎದುರಾಳಿ 'ನೊರೆರಾಯ' ಎಂಬ ನಿವೃತ್ತ ಗಂಡಸು. ಕಂಪನಿಯ ಮಷೀನಿನ ಬಗ್ಗೆ ಯಾರಾದರೂ ಅರ್ಧ ಮಾತು ಆಡಿದರೂ ಸ್ವಂತ ಮಗಳನ್ನು ಬೈದಷ್ಟು ನೊಂದುಕೊಳ್ಳುವವನು. ಬೆಳಿಗ್ಗೆ ಎದ್ದು ನೊರೆರಾಯ, 'ಪುಡಿ ಅರ್ಧ ಚಮಚ ಸಾಕು' ಎಂದು ಬರೆದರೆ ಒಗೆಯೋ ಕಲ್ಲು, 'ಅರ್ಧ ಚಮಚದಲ್ಲಿ ನಿಮ್ಮ ಕನ್ನಡಕದ ಗಾಜು ತೊಳೆದುಕೊಳ್ಳಿ' ಎಂದು ಬರೆಯುತ್ತಿದ್ದರು. ಉಳಿದವರು ಅಕ್ಕಪಕ್ಕ ಕೂತು ತಮಾಷೆ ನೋಡುತ್ತಿದ್ದರು. ಹೊಸ ಮಾದರಿಯ ಮಷೀನು ಮಾರುಕಟ್ಟೆಗೆ ಬರುವ ಹೊತ್ತಿಗೆ ಕಂಪನಿಗೆ ಈ ತಮಾಷೆ ಬೇಡವಾಯಿತು. ಬಳಗ ತಿಳಿಯಾಗಿರಬೇಕು ಅಂದರು.

ತಿಳಿ ಮಾಡುವ ಉಪಾಯ ಗಾಜಿನ ಕೋಣೆ. ಆಫೀಸಿನವರೇ ಇಟ್ಟ ಹೆಸರು. ಜಗಳಗಂಟರನ್ನು ಹೊರಗೆ ಹಾಕಿದರೆ ಅವರು ಬೇರೆ ಹೆಸರಿನಲ್ಲಿ ಬಂದು ಇನ್ನೂ ಜೋರಾಗಿ ಜಗಳವಾಡುತ್ತಾರೆ. ಅದಕ್ಕೆ ಹೊರಗೆ ಹಾಕುವುದಿಲ್ಲ. ಅವರು ಬರೆದದ್ದು ಅವರಿಗೆ ಮಾತ್ರ ಕಾಣುವ ಹಾಗೆ ಮಾಡಿಬಿಡುತ್ತಾರೆ. ಅವರು ಬರೆಯುತ್ತಾರೆ, ಕಾಯುತ್ತಾರೆ, ಇನ್ನೂ ಬರೆಯುತ್ತಾರೆ. ಆಮೇಲೆ, ಎಣ್ಣೆ ಮುಗಿದ ದೀಪದ ಹಾಗೆ, ತಮ್ಮಷ್ಟಕ್ಕೆ ಆರುತ್ತಾರೆ. ಯಾರೂ ಅವರನ್ನು ಏನೂ ಅಂದಿರುವುದಿಲ್ಲ. ಅದೇ ಅದರ ಸೊಗಸು ಎಂದು ಆಫೀಸಿನಲ್ಲಿ ಅವಳ ಮೇಲಿನವನು ತರಬೇತಿಯಲ್ಲಿ ಹೇಳಿದ್ದ.

ಹೋದ ವಾರ ಅವನು ಅವಳ ಕುರ್ಚಿಯ ಹಿಂದೆ ನಿಂತಿದ್ದ. ಎಲ್ಲರಿಗೂ, 'ತಣ್ಣೀರು ಕುಡಿದು ಉತ್ತರ ಬರೀರಿ' ಎಂದು ಹೇಳುತ್ತ ಓಡಾಡುವುದರಿಂದ ಅವನಿಗೆ ತಣ್ಣೀರು ಎಂದೇ ಹೆಸರು. ವಯಸ್ಸಿನಲ್ಲಿ ಅವಳ ತಮ್ಮನಿಗಿಂತ ಚಿಕ್ಕವನು. ಒಗೆಯೋ ಕಲ್ಲು ಆಗಷ್ಟೇ ಒಂದು ಫೋಟೋ ಹಾಕಿದ್ದರು. ಮಷೀನಿನ ಒಳಗಿನ ರಬ್ಬರು ಕಪ್ಪಾಗಿರುವ ಫೋಟೋ. ಕೆಳಗೆ ಬರೆದಿದ್ದರು: 'ನೊರೆರಾಯರೇ, ನಿಮ್ಮ ನೊರೆ ನಿಮ್ಮ ಬಾಯಿಗೇ ಇರಲಿ. ಇದನ್ನು ನೋಡಿ.' ನೊರೆರಾಯ ದೂರಿನ ಗುಂಡಿ ಒತ್ತಿದ್ದ. ತಣ್ಣೀರು ಹಿಂದಿನಿಂದ, "ಕೋಣೆಗೆ ಹಾಕಿ ಮೇಡಂ, ಯೋಚನೆ ಮಾಡೋದೇನಿದೆ" ಅಂದ. ಅವಳು ಹಾಕಿದಳು. ಹಾಕಿದ ಮೇಲೆ ಫೋಟೋದ ಮೂಲೆ ಕಣ್ಣಿಗೆ ಬಿತ್ತು. ಮಷೀನಿನ ಪಕ್ಕದಲ್ಲಿ ಹಳದಿ ಬಕೆಟ್ಟಿನ ಅಂಚು. ಬಿರುಕು ಬಿಟ್ಟ ಆ ಅಂಚಿಗೆ ಮಗಳ ಹಳೆಯ ಕೆಂಪು ರಿಬ್ಬನ್ನು ಸುತ್ತಿ ಗಂಟು ಹಾಕಿತ್ತು. ಆ ಗಂಟು ಹಾಕಿದ್ದು ಅವಳೇ.

ಹಾಕಿದ ಮೇಲೆ ಕಣ್ಣಿಗೆ ಬಿತ್ತು: ಇದು ಅವಳು ತನಗೆ ತಾನು ಹೇಳಿಕೊಂಡು ಬಂದ ಕ್ರಮ. ಮೊದಲು ಗುಂಡಿ, ಆಮೇಲೆ ಬಕೆಟ್ಟು. ಆದರೆ ಸೀಟು ಸಿಕ್ಕ ದಿನಗಳಲ್ಲಿ ಆ ಕ್ರಮ ಸಡಿಲವಾಗುತ್ತಿತ್ತು. ನಿಮ್ಮ ನೊರೆ ನಿಮ್ಮ ಬಾಯಿಗೇ ಇರಲಿ ಎಂಬ ಮಾತನ್ನು ಅವಳು ಎಲ್ಲಿ ಕೇಳಿದ್ದಳು? ಮಾವ ಇದ್ದಾಗ ಹಿತ್ತಲ ನಲ್ಲಿಯ ಹತ್ತಿರ ಗಂಡಹೆಂಡಿರು ಇಬ್ಬರೂ ಒಂದೇ ಬಟ್ಟೆಯ ಎರಡು ತುದಿ ಹಿಡಿದು ಹಿಂಡುತ್ತ, ಒಬ್ಬರಿಗೊಬ್ಬರು ಬೈದುಕೊಳ್ಳುತ್ತ, ಬಟ್ಟೆಯ ನೀರಷ್ಟೂ ಇಳಿದರೂ ಬೈಗುಳ ಇಳಿಯದೆ ನಿಂತಿರುತ್ತಿದ್ದರಲ್ಲ, ಆಗ ಅತ್ತೆಯ ಬಾಯಲ್ಲಿ ಕೇಳಿದ್ದು. ಹೊಸದಾಗಿ ಬಂದ ಸೊಸೆ ಅಡುಗೆಮನೆಯಲ್ಲಿ ಅಂಜಿ ಕೂತಿದ್ದಳು. ಆಮೇಲೆ ಇಬ್ಬರೂ ಏನೂ ಆಗದವರ ಹಾಗೆ ಬಂದು ಚಹಾ ಕೇಳಿದ್ದರು. ಆ ಮಾತು ಪರದೆಯ ಮೇಲೆ ಮೂಡಿದ ಕ್ಷಣವೇ ದನಿಯ ಗುರುತು ಸಿಕ್ಕಿರಲಿಲ್ಲವೇ? ಬಕೆಟ್ಟು ಕಂಡಿರಲಿಲ್ಲವೇ? ಅಂಗಡಿಯ ಕನ್ನಡಿಯಲ್ಲಿ ತನ್ನದೇ ಮುಖ ಕಂಡು, ಯಾರೋ ದಣಿದ ಹೆಂಗಸು ಅಂದುಕೊಂಡು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ತಾನೇ ಎಂದು ಹೊಳೆಯುತ್ತದಲ್ಲ, ಹಾಗೆ ಕಂಡಿತ್ತು. ಕಂಡೂ ಒತ್ತಿದ್ದಳು.

ಸ್ಟಾಪು ಬಂತು. ಇಳಿಯುವಾಗ ಯಾರೋ ಕಾಲು ತುಳಿದರು. ತುಳಿದವನಿಗೆ ಅವಳೇ ಸಾರಿ ಅಂದಳು.

ಆಫೀಸಿನೊಳಗೆ ಯಾವಾಗಲೂ ಥಂಡಿ. ಕುರ್ಚಿಗಳ ಬೆನ್ನಿಗೆಲ್ಲ ಶಾಲು, ಸ್ವೆಟರು ನೇತುಬಿದ್ದು, ಯಾರೂ ಇಲ್ಲದ ಹೊತ್ತಿನಲ್ಲೂ ಸೋತವರು ಕೂತ ಹಾಗೆ ಕಾಣುತ್ತಿದ್ದವು. ಅವಳು ಶಾಲು ಹೊದ್ದು ಕೂರುವ ಮೊದಲೇ ತಣ್ಣೀರು ಬಂದ.

"ಮೇಡಂ, ಇವತ್ತು ಸಂಜೆಯೊಳಗೆ ಗಾಜಿನ ಕೋಣೆ ಗುಡಿಸಿಬಿಡಿ. ಹೊಸ ಮಷೀನು ನಾಳೆ ಬರ್ತಾ ಇದೆ. ಆರಿದವರನ್ನ ಅಳಿಸಿಹಾಕಿ. ಇನ್ನೂ ಉರೀತಾ ಇರೋರನ್ನೂ ಅಳಿಸಿ, ಬೇರೆ ಹೆಸರಲ್ಲಿ ಬಂದ್ರೆ ಆಮೇಲೆ ನೋಡೋಣ. ಯಾರನ್ನಾದ್ರೂ ಹೊರಗೆ ಬಿಡೋದಾದ್ರೆ ಕಾರಣ ಬರೀಬೇಕು, ನಾನು ನೋಡ್ತೀನಿ."

"ಸರಿ ಸರ್."

ಅವನು ಹೋಗಲಿಲ್ಲ. ಮೇಜಿನ ಅಂಚನ್ನು ಬೆರಳಿನಿಂದ ತಟ್ಟುತ್ತ, ದನಿ ಇಳಿಸಿ, ಇಳಿಸಿದ್ದರಿಂದಲೇ ಸುತ್ತ ಎಲ್ಲರಿಗೂ ಕೇಳುವ ಹಾಗೆ, "ಒಂದು ಮಾತು ಹೇಳ್ಲಾ? ತಪ್ಪು ತಿಳ್ಕೋಬೇಡಿ. ಈಚೆಗೆ ನಿಮ್ಮ ಉತ್ತರಗಳಲ್ಲಿ ಸುಸ್ತು ಕಾಣ್ತಾ ಇದೆ. ವಾಕ್ಯ ಅದೇ, ಆದ್ರೂ ಕಾಣುತ್ತೆ. ಸದಸ್ಯರಿಗೆ ಅದು ಗೊತ್ತಾಗಬಾರದು" ಅಂದ.

ಅದೇ ವಾಕ್ಯ ನಕಲು ಮಾಡಿ ಹಾಕುವುದರಲ್ಲಿ ಸುಸ್ತು ಹೇಗೆ ಕಾಣುತ್ತದೆ ಎಂದು ಕೇಳಬೇಕೆನ್ನಿಸಿತು. "ಗಮನಿಸ್ಕೋತೀನಿ ಸರ್" ಅಂದಳು. ಪಕ್ಕದ ಸೀಟಿನ ಗೆಳತಿ ಅವನು ಅತ್ತ ಹೋಗುವವರೆಗೆ ಕಾದು, ಕುರ್ಚಿಯನ್ನು ಜಾರಿಸಿಕೊಂಡು ಹತ್ತಿರ ಬಂದಳು.

"ಬಿಡೇ, ಅವನಿಗೆ ಮೀಸೆ ಬಂದದ್ದೇ ಮೊನ್ನೆ. ಇವತ್ತು ಎಷ್ಟು ಜನರನ್ನ ಸಾಯಿಸಬೇಕು ನೀನು?"

"ಸಾಯಿಸೋದೇನು ಬಂತು."

"ಮತ್ತೇನು. ಪಾಪ, ಅವರಿಗೆ ತಾವು ಸತ್ತಿರೋದೂ ಗೊತ್ತಿರಲ್ಲ, ಮಾತಾಡ್ತಾನೇ ಇರ್ತಾರೆ." ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನಿಜ ಹೇಳ್ಲಾ? ಇಂಥದ್ದೊಂದು ಗುಂಡಿ ನಮ್ಮನೇಲಿ ಇರ್ಬೇಕಿತ್ತು ಕಣೇ, ನಮ್ಮತ್ತೆಗೆ. ಅವರ ಪಾಡಿಗೆ ಅವರು ಮಾತಾಡ್ತಾ ಇರ್ಲಿ, ನಮಗೆ ಕೇಳಿಸಬಾರದು. ಅವರಿಗೂ ಬೇಜಾರಿಲ್ಲ, ನಮಗೂ ಇಲ್ಲ. ಸ್ವರ್ಗ!"

ಅವಳೂ ನಕ್ಕಳು. ನಗು ಗಂಟಲಿನಿಂದ ಸರಿಯಾಗಿಯೇ ಬಂತು. ಈ ಒಂದು ವಾರ ಮನೆ ಎಷ್ಟು ನಿಶ್ಶಬ್ದವಾಗಿತ್ತು ಎಂದು ನೆನಪಾಯಿತು. ಮೊದಲು ಅವಳು ದಣಿದು ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆ ಫೋನು ಹಿಡಿದು, "ಅಲ್ಲೊಬ್ಬ ಇದ್ದಾನೆ ಕಣೇ, ಅರ್ಧ ಚಮಚದವನು..." ಎಂದು ಶುರುಮಾಡುತ್ತಿದ್ದರು, ಅದೇ ಜಗಳವನ್ನು ಬೇರೆ ಯಾವುದೋ ಪರದೆಯಲ್ಲಿ ದಿನವಿಡೀ ಕಾದು ಬಂದವಳು ಸೊಸೆಯೇ ಎಂದು ತಿಳಿಯದೆ. ಅವಳೂ ಅದು ಇದೇ ಜಗಳವೆಂದು ತಿಳಿಯದೆ, ಹೂಂ ಅನ್ನುತ್ತ ಕುಕ್ಕರ್ ಇಡುತ್ತಿದ್ದಳು. ತಿಳಿಯದೆ ಅನ್ನುವುದೂ ಸುಳ್ಳೇನೋ. ಅರ್ಧ ಚಮಚ ಎಂಬ ಮಾತನ್ನು ಹಗಲು ಓದಿ ಸಂಜೆ ಕೇಳಿದವಳಿಗೆ ತಿಳಿಯಲಿಲ್ಲವೆಂದರೆ, ತಿಳಿಯಬಾರದೆಂದು ಅವಳು ಹಟ ಹಿಡಿದಿರಬೇಕು. ಈಗ ಅತ್ತೆ ಬೇಗ ಉಂಡು, ಮಷೀನಿನ ಎದುರಿಗಿನ ಕುರ್ಚಿಯಲ್ಲಿ ಕೂತು, ಗಾಜಿನ ಬಾಗಿಲಿನೊಳಗೆ ತಿರುಗುವ ಬಟ್ಟೆಯನ್ನು ನೋಡುತ್ತಿದ್ದರು. ಮಗಳು ಪಾಠ ಬರೆಯುತ್ತಿದ್ದಳು. ಅವಳು ಸೋಫಾದಲ್ಲಿ ಕಾಲು ಚಾಚುತ್ತಿದ್ದಳು. ಆಹಾ ಅನ್ನಿಸುತ್ತಿತ್ತು. ಅನ್ನಿಸಿತ್ತು, ಹೌದು.

ಮಧ್ಯಾಹ್ನ ಡಬ್ಬಿ ತೆರೆದಾಗ ಗಂಡನ ಫೋನು. ಅವನು ಔಷಧಿ ಗೋಡೌನಿನಲ್ಲಿ ಪಾಳಿ ಕೆಲಸದವನು. ಹಿಂದೆ ಪೆಟ್ಟಿಗೆ ಎಳೆಯುವ ಸದ್ದು. "ಅಮ್ಮನಿಗೆ ಏನಾಗಿದೆ? ಫೋನ್ ಮಾಡಿದ್ರೆ ಹೂಂ ಉಹೂಂ ಅಂತಾಳೆ. ನನ್ನನ್ನ ಬೈಯಲೇ ಇಲ್ಲ. ಡಾಕ್ಟ್ರಿಗೆ ತೋರಿಸೋಣ್ವಾ?"

"ಏನಾಯ್ತು ಅಂದ್ರು?"

"ಏನೂ ಅನ್ನಲಿಲ್ಲ, ಅದೇ ಅಲ್ವಾ ಹೇಳ್ತಿರೋದು. ನಾನೇನಾದ್ರೂ ತಪ್ಪು ಬರೆದುಬಿಟ್ನಾ ಅಂತ ಒಂದೇ ಸಮ ಕೇಳಿದ್ಲು. ಎಲ್ಲಿ ಬರೆದೆ ಅಂದ್ರೆ, ಬಿಡು ಅಂದ್ಲು. ನೀನೇನಾದ್ರೂ..."

"ನಾನೇನೂ ಅಂದಿಲ್ಲ ಅವರಿಗೆ."

"ಅದು ಗೊತ್ತು ಬಿಡು. ನೀನು ಯಾವತ್ತು ಏನಂದಿದ್ದೀಯ," ಅಂದ ಗಂಡ. ಹೊಗಳಿಕೆಯೋ ದೂರೋ ಗೊತ್ತಾಗುವ ಮೊದಲೇ ಪೆಟ್ಟಿಗೆಯ ಸದ್ದು ಜೋರಾಗಿ ಲೈನು ಕಡಿಯಿತು.

ಡಬ್ಬಿ ಮುಚ್ಚಿ ಬಂದು ಪರದೆಯ ಮುಂದೆ ಕೂತಳು. ನಿರ್ವಾಹಕರಿಗೆಂದು ಬಂದ ಪತ್ರಗಳ ನಡುವೆ ನೊರೆರಾಯನದೊಂದು ಇತ್ತು. 'ಮಾನ್ಯರೇ, ಒಗೆಯೋ ಕಲ್ಲು ಎಂಬ ಸದಸ್ಯರು ಒಂದು ವಾರದಿಂದ ಕಾಣುತ್ತಿಲ್ಲ. ಅವರ ವಿರುದ್ಧ ದೂರು ಒತ್ತಿದ್ದು ನಾನೇ, ಒಪ್ಪುತ್ತೇನೆ. ಅದೂ ಜಗಳದ ಒಂದು ಪಟ್ಟು ಅಂದುಕೊಂಡಿದ್ದೆ, ಅವರೂ ತಿರುಗಿ ಒತ್ತುತ್ತಾರೆ ಅಂತ ಕಾಯುತ್ತಿದ್ದೆ. ಅವರು ಹುಷಾರಾಗಿದ್ದಾರೆಯೇ ಎಂದಷ್ಟೇ ತಿಳಿಸಿ. ಕೆಲಸ ಬಿಟ್ಟ ಮೇಲೆ ನನ್ನ ಜೊತೆ ಇಷ್ಟು ಶ್ರದ್ಧೆಯಿಂದ ಯಾರೂ ಜಗಳ ಆಡಿರಲಿಲ್ಲ. ಈಗ ಅರ್ಧ ಚಮಚ ಅಂದರೆ ಎಲ್ಲರೂ ಸರಿ ಸರ್ ಅನ್ನುತ್ತಾರೆ.' ಕೆಳಗೆ ಸಹಿಯ ಜಾಗದಲ್ಲಿ, ಯಾಕೋ, ತನ್ನ ಮಷೀನಿನ ಮಾದರಿಯ ಸಂಖ್ಯೆ ಬರೆದಿದ್ದ.

ಇಂಥದಕ್ಕೂ ಒಂದು ವಾಕ್ಯವಿತ್ತು. ಸದಸ್ಯರ ಖಾಸಗಿ ವಿವರಗಳನ್ನು ಹಂಚಿಕೊಳ್ಳಲಾಗುವುದಿಲ್ಲ. ಅದನ್ನು ಅಂಟಿಸಿ, ಕಳಿಸದೆ, ಗಾಜಿನ ಕೋಣೆಯನ್ನು ತೆರೆದಳು.

ಕೋಣೆಯಲ್ಲಿದ್ದವರ ಮಾತು ನಿರ್ವಾಹಕಿಗೆ ಮಾತ್ರ ಕಾಣುತ್ತದೆ. ಓದಬೇಕೆಂದೇನೂ ಇಲ್ಲ, ಯಾರೂ ಓದುವುದಿಲ್ಲ. ಅವಳು ಈ ವಾರವೆಲ್ಲ ಓದಿರಲಿಲ್ಲ. ಓದಿದರೆ ತಾನು ಅತ್ತೆಯ ಮಾತು ಕೇಳಿಸಿಕೊಂಡ ಹಾಗಾಗುತ್ತದೆ, ಕೇಳಿಸಿಕೊಂಡರೆ ಏನಾದರೂ ಮಾಡಬೇಕಾಗುತ್ತದೆ. ಈಗ ಓದಿದಳು. ಮೊದಲ ದಿನದ್ದೆಲ್ಲ ಕಲ್ಲೇ: 'ಏನ್ರಿ ನೊರೆರಾಯರೇ, ಬಾಯಿ ಬಿದ್ದುಹೋಯ್ತಾ?' 'ಗೆದ್ದೆ ಅಂತ ಬರೆದುಕೊಳ್ಳಲಾ?' ಆಮೇಲೆ ಯಾರೋ ಹೊಸಬಳು ಮಗುವಿನ ಬಟ್ಟೆಯ ಕಲೆ ಹೋಗುತ್ತಿಲ್ಲ ಎಂದು ಅಳುತ್ತ ಬಂದಿದ್ದಳು. ಅವಳಿಗೆ ಅತ್ತೆ ಉದ್ದಕ್ಕೆ, ನೆನೆಸುವುದು ಹೇಗೆ, ಉಜ್ಜುವುದು ಹೇಗೆ, ಮಗು ಹಾಲು ಕಕ್ಕಿದರೆ ಹೆದರಬೇಡ ಎಂದೆಲ್ಲ ಬರೆದಿದ್ದರು. ಅದು ಆ ಹುಡುಗಿಗೆ ತಲುಪಿರಲಿಲ್ಲ. ಮರುದಿನ, 'ಕಲೆ ಹೋಯ್ತೇನಮ್ಮ?' ಎಂದು ಕೇಳಿದ್ದರು. ಅದೂ ತಲುಪಿರಲಿಲ್ಲ. ಆಮೇಲೆ ದನಿ ಸಣ್ಣದಾಗಿತ್ತು. 'ನನ್ನಿಂದ ತಪ್ಪಾಗಿದ್ರೆ ಹೇಳ್ರಪ್ಪ. ಬಾಯಿ ಸ್ವಲ್ಪ ಜೋರು, ಮನಸ್ಸಿನಲ್ಲೇನಿಲ್ಲ.' ಅದರ ಕೆಳಗೆ, 'ಯಾರಾದ್ರೂ ಇದ್ದೀರಾ?' ನಿನ್ನೆ ಮಧ್ಯಾಹ್ನದ್ದು ಕೊನೆಯದು:

'ಯಾರೂ ಓದ್ತಾ ಇಲ್ಲ ಅಂತ ಕಾಣುತ್ತೆ, ಹಾಗಾಗಿ ಬರೀತೀನಿ. ನನ್ನ ಸೊಸೆ ಒಳ್ಳೆಯವಳು. ಅದೇ ಕಷ್ಟ. ಏನು ಅಂದ್ರೂ ಅರ್ಥವಾಗುತ್ತೆ ಅತ್ತೆ ಅಂತಾಳೆ. ಇಲ್ಲಿನ ನಿರ್ವಾಹಕಿ ಇದ್ದಾಳಲ್ಲ, ಥೇಟ್ ಹಾಗೇ. ಬೇಕು ಅಂತ್ಲೇ ಮಷೀನಿಗೆ ಪುಡಿ ಸುರೀತೀನಿ, ನೊರೆ ಬಾಗಿಲಿಂದ ಹೊರಗೆ ಬರುತ್ತೆ, ಅವಳು ಮಾತಾಡದೆ ಒರೆಸಿ ಹೋಗ್ತಾಳೆ. ಒಂದು ದಿನ ಅತ್ತೆ, ಪುಡಿ ಜಾಸ್ತಿ ಆಯ್ತು ಅಂತ ಗದರಿದ್ರೆ ನಾನು ಈ ಫೋನನ್ನೇ ಮುಟ್ತಿರಲಿಲ್ಲ. ಮನುಷ್ಯರು ಇದ್ದಾರೆ ಅಂತ ಗೊತ್ತಾಗೋಕೆ ಏನಾದ್ರೂ ಬೇಕಲ್ಲ.'

ಅವಳು ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಆ ನೊರೆ! ಎಷ್ಟು ಸಲ ಮಂಡಿಯೂರಿ ಒರೆಸಿದ್ದಳು, ಕೆಲಸದಿಂದ ಬಂದು, ಸೊಂಟ ಹಿಡಿದುಕೊಂಡು, ವಯಸ್ಸಾದವರಿಗೆ ಅಳತೆ ತಿಳಿಯುವುದಿಲ್ಲ ಪಾಪ ಅಂದುಕೊಂಡು. ಬೇಕು ಅಂತಲೇ! ಗದರಬಹುದಿತ್ತು. ಗದರಲು ಎಷ್ಟು ಉಸಿರು ಬೇಕು ಎಂದು ಅತ್ತೆಗೆ ಗೊತ್ತಿಲ್ಲ. ಇಡೀ ದಿನ ಊರ ಜಗಳವನ್ನು ನೀರು ಹಾಕಿ ಆರಿಸಿ ಬಂದವಳಿಗೆ ಮನೆಯ ಒಲೆ ಹಚ್ಚಲು ಕಡ್ಡಿ ಎಲ್ಲಿ ಉಳಿದಿರುತ್ತದೆ? ಒಳ್ಳೆಯವಳಂತೆ. ಅವಳು ಒಳ್ಳೆಯವಳಲ್ಲ, ಸುಸ್ತಾದವಳು. ಇಷ್ಟು ವರ್ಷ ಆ ಮನೆಯಲ್ಲಿ ಎರಡಕ್ಕೂ ವ್ಯತ್ಯಾಸ ಯಾರಿಗೂ ತಿಳಿದಿರಲಿಲ್ಲ, ಅವಳಿಗೂ. ಒಬ್ಬರಿಗೆ ತಿಳಿದಿತ್ತು. ಅವರನ್ನು ಅವಳು ಕೋಣೆಗೆ ಹಾಕಿದ್ದು ಹೋದ ವಾರವಲ್ಲ. ಹೂಂ ಅನ್ನುತ್ತ ಕುಕ್ಕರ್ ಇಟ್ಟ ದಿನವೇ. ಗಾಜು ಆಗಲೇ ಇತ್ತು; ಆಫೀಸಿನಲ್ಲಿ ಒತ್ತಿದ್ದು ಅದಕ್ಕೆ ಹಾಕಿದ ಬೀಗ ಅಷ್ಟೇ.

ಎರಡು ಗುಂಡಿಗಳಿದ್ದವು: ಅಳಿಸು, ಹೊರಗೆ ಬಿಡು. ಅಳಿಸಿದರೆ ಯಾವ ಪ್ರಶ್ನೆಯೂ ಇಲ್ಲ. ಅತ್ತೆಯ ಫೋನಿನಲ್ಲಿ ಬಾಗಿಲು ಮುಚ್ಚುತ್ತದೆ, ಸಂಜೆ ಅವಳು, 'ಅದು ನಿಂತುಹೋಗಿದೆಯಂತೆ ಅತ್ತೆ' ಅನ್ನುತ್ತಾಳೆ, ಅವರು ನಂಬುತ್ತಾರೆ, ಇಲ್ಲವೇ ನಂಬಿದ ಹಾಗೆ ಮಾಡುತ್ತಾರೆ, ಮಷೀನಿನ ಮುಂದೆ ಕೂರುತ್ತಾರೆ. ಬಿಟ್ಟರೆ ಕಾರಣ ಬರೆಯಬೇಕು. ತಣ್ಣೀರು ನೋಡುತ್ತಾನೆ. ಯಾರಿವರು, ಯಾಕೆ ಬಿಟ್ಟಿರಿ, ನಿಮಗೇನು ಸಂಬಂಧ ಎಂದು ಕೇಳುತ್ತಾನೆ. ಸುಳ್ಳು ಹೇಳಿದರೂ ಅವನು ಆ ಫೋಟೋ, ಆ ಮನೆಯ ವಿಳಾಸ ಹುಡುಕಿದರೆ ಷರತ್ತು ಮುರಿದವಳು ಎಂದು ಮನೆಗೆ ಕಳಿಸುತ್ತಾನೆ. ಗಂಡನ ಪಾಳಿಯ ಸಂಬಳದಲ್ಲಿ ಆ ಮನೆ ನಡೆಯುವುದಿಲ್ಲ. ಅವಳು ಎದ್ದು ಹೋಗಿ ನೀರು ಕುಡಿದಳು. ತಣ್ಣೀರೇ. ಬಂದು ಕೂತು, ಬಿಡು ಎಂಬುದನ್ನು ಒತ್ತಿದಳು.

ಕಾರಣ ಎಂಬ ಖಾಲಿ ಜಾಗ ಮಿನುಗುತ್ತ ಕೂತಿತು. ತುಂಬ ಹೊತ್ತು ಯೋಚಿಸಿ ಅವಳು ಬರೆದದ್ದು, 'ಸದಸ್ಯರ ಬೇಸರ ಅರ್ಥವಾಗಿದೆ.' ಬರೆದು ನೋಡಿದರೆ ಅದೇ ಹಳೆಯ ವಾಕ್ಯದ ಅಣ್ಣನ ಹಾಗಿತ್ತು. ಇರಲಿ. ನಾಳೆಯದು ನಾಳೆ.

ಅಷ್ಟಕ್ಕೇ ಮುಗಿಯಲಿಲ್ಲ. ಕೋಣೆಯ ಬಾಗಿಲು ತೆರೆದರೆ ಒಳಗೆ ಕಟ್ಟಿಕೊಂಡಿದ್ದ ಮಾತೆಲ್ಲ ಒಟ್ಟಿಗೆ ಹೊರಗೆ ಬರುತ್ತದೆ. ಯಾವುದಾದರೂ ಒಂದನ್ನು ಒಳಗೇ ಇಟ್ಟುಕೊಳ್ಳುವುದಾದರೆ ಗುರುತು ಹಾಕಿ ಎಂದು ಪರದೆ ಕೇಳಿತು. ಅವಳು ಕೊನೆಯದರ ಮೇಲೆ ಕೈ ಇಟ್ಟಳು. ಅತ್ತೆಯ ಮಾನ ಉಳಿಸಲು ಅಂದುಕೊಂಡಳು. ನಿರ್ವಾಹಕಿಯನ್ನು ಬೈದಿದ್ದಾರೆ, ತಣ್ಣೀರು ನೋಡಿದರೆ ಮತ್ತೆ ಒಳಗೆ ಹಾಕುತ್ತಾನೆ ಅಂದುಕೊಂಡಳು. ಎರಡೂ ಸುಳ್ಳಲ್ಲ. ಆದರೂ ಗುರುತು ಹಾಕುವಾಗ ಬೆರಳಿಗೆ ಗೊತ್ತಿತ್ತು: ಊರವರೆಲ್ಲ ತಮಾಷೆ ನೋಡುವ ಕಟ್ಟೆಯ ಮೇಲೆ ಆ ಒಳ್ಳೆಯ ಸೊಸೆಯನ್ನು ನಿಲ್ಲಿಸಲು ಅವಳಿಗೆ ಧೈರ್ಯವಿರಲಿಲ್ಲ. ಉಳಿದುದೆಲ್ಲ ಹೊರಗೆ ಹೋಯಿತು. ಸ್ವಲ್ಪ ಹೊತ್ತಿಗೆ ನೊರೆರಾಯನ ಹೆಸರು ಬೆಳಗಿತು. 'ಬಾಯಿ ಬಿದ್ದಿಲ್ಲ ತಾಯಿ. ನೀವೆಲ್ಲಿ ಹಾಳಾಗಿ ಹೋಗಿದ್ರಿ?'

ಸಂಜೆ ಬಸ್ಸಿನಲ್ಲಿ ನಿಂತೇ ಬಂದಳು. ಮೆಟ್ಟಿಲು ಹತ್ತುವಾಗಲೇ ಅತ್ತೆಯ ದನಿ ಕೇಳುತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಫೋನು ಮೂಗಿನ ಹತ್ತಿರಕ್ಕೆ ಬಂತು.

"ಬಂತು ಕಣೇ! ದಾರಿ ಬಿಟ್ಟುಕೊಂಡಿತು. ಎಲ್ಲ ಒಟ್ಟಿಗೆ ಹೋಗಿ ಬಿದ್ದಿದೆ ನೋಡು. ಆ ಅರ್ಧ ಚಮಚದವನು ಏನಂತಾನೆ ಗೊತ್ತಾ? ಎಲ್ಲಿ ಹಾಳಾಗಿ ಹೋಗಿದ್ರಿ ಅಂತಾನೆ! ಆ ಮಗುವಿನ ತಾಯಿ ಇದ್ದಾಳಲ್ಲ, ಕಲೆ ಹೋಯ್ತಂತೆ, ಬೇರೆ ಯಾರೋ ಹೇಳಿಕೊಟ್ಟರಂತೆ, ಆದ್ರೂ ನಿಮ್ಮದು ಈಗ ಓದಿದೆ ಅಮ್ಮ ಅಂತ ಬರೆದಿದ್ದಾಳೆ."

"ಒಳ್ಳೇದಾಯ್ತಲ್ಲ ಅತ್ತೆ."

"ಅಜ್ಜಿ ಮಧ್ಯಾಹ್ನದಿಂದ ಒಬ್ಬಳೇ ನಗ್ತಾ ಇದ್ದಾಳೆ," ಅಂದಳು ಮಗಳು, ಪುಸ್ತಕದಿಂದ ತಲೆ ಎತ್ತದೆ.

ಅತ್ತೆ ಕುರ್ಚಿಯಲ್ಲಿ ಕೂತರು. ಮಷೀನು ತಿರುಗುತ್ತಿತ್ತು. ಅವಳು ಅಡುಗೆಮನೆಗೆ ಹೋಗಿ, ಕುಕ್ಕರ್ ಕೈಗೆತ್ತಿಕೊಂಡು, ಅಲ್ಲೇ ನಿಂತಳು. ಹಿಂದಿನಿಂದ ಅತ್ತೆಯ ದನಿ, ಈಗ ಮೊದಲಿನಷ್ಟು ಎತ್ತರದಲ್ಲಿಲ್ಲ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ: "ಒಂದಕ್ಕೆ ಮಾತ್ರ ಯಾರೂ ಏನೂ ಅಂದಿಲ್ಲ."

"ಯಾವುದಕ್ಕೆ ಅತ್ತೆ?"

"ಏನಿಲ್ಲ, ಬಿಡು. ಅದು ಹಾಗೇ ಬರೆದದ್ದು."

ಬಿಡಬಹುದಿತ್ತು. ಅತ್ತೆಯೇ ಬಿಡು ಅಂದಿದ್ದರು. ಕುಕ್ಕರಿನ ಮುಚ್ಚಳ ತೆಗೆದು ನೀರು ಹಿಡಿಯಲು ತಿರುಗಿದಾಗ ಮಷೀನಿನ ಬಾಗಿಲಿನಿಂದ ನೊರೆ ನಿಧಾನವಾಗಿ, ಬಿಳಿಯ ನಾಲಿಗೆಯ ಹಾಗೆ, ನಡುಮನೆಯ ಟೈಲ್ಸಿನ ಕಡೆಗೆ ಬರುತ್ತಿರುವುದು ಕಂಡಿತು. ಅವಳ ಕೈ ತಾನಾಗಿ ಮೂಲೆಯ ಬಟ್ಟೆಯ ಕಡೆ ಹೋಯಿತು. ಬಟ್ಟೆ ಹಿಡಿದು, ಮಂಡಿಯೂರುವಷ್ಟರಲ್ಲಿ ಸೊಂಟ ಚಳುಕೆಂದಿತು. ಹಾಗೇ ಎದ್ದು ನಿಂತಳು. ಕುಕ್ಕರಿನ ಮುಚ್ಚಳ ಇನ್ನೊಂದು ಕೈಯಲ್ಲೇ ಇತ್ತು. ಎಲ್ಲಿಂದ ಶುರುಮಾಡಬೇಕು, ಎಷ್ಟು ಎತ್ತರದಲ್ಲಿ ಹೇಳಬೇಕು ಒಂದೂ ತಿಳಿಯದೆ, ಮೊದಲ ಸಲ ಸೈಕಲ್ಲು ಹತ್ತಿದವಳ ಹಾಗೆ ಅವಳು, "ಅತ್ತೆ, ಪುಡಿ ಜಾಸ್ತಿ ಆಯ್ತು" ಅಂದಳು.

ಅತ್ತೆ ಫೋನಿನಿಂದ ತಲೆ ಎತ್ತಿದರು.

"ಏನಂದೆ?"

"ಪುಡಿ ಜಾಸ್ತಿ ಆಯ್ತು ಅಂದೆ. ದಿನಾ ಜಾಸ್ತಿ ಆಗುತ್ತೆ. ಬೇಕು ಅಂತ್ಲೇ ಹಾಕ್ತೀರಿ. ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಗಿದೆ."

ಮಗಳು ಬರೆಯುವುದನ್ನು ನಿಲ್ಲಿಸಿದಳು. ಅತ್ತೆ ಸೊಸೆಯ ಮುಖ ನೋಡಿದರು, ತಮ್ಮ ಕೈಯಲ್ಲಿದ್ದ ಫೋನು ನೋಡಿದರು, ಮತ್ತೆ ಮುಖ ನೋಡಿದರು. ಆ ನೋಟದಲ್ಲಿ ಏನೋ ಒಂದು ಲೆಕ್ಕ ತುಂಬ ನಿಧಾನವಾಗಿ ಕೂಡುತ್ತಿತ್ತು. ಅವಳು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಲು ಬೇಕಾದ ಶಕ್ತಿಯೂ ಇರಲಿಲ್ಲ. ಅವರೀಗ ಕೇಳುತ್ತಾರೆ ಅಂದುಕೊಂಡಳು. ಅತ್ತೆ ಕೇಳಲಿಲ್ಲ. ಫೋನನ್ನು ಮಷೀನಿನ ಮೇಲೆ ಬೋರಲಾಗಿ ಇಟ್ಟು, ಮಂಡಿಗೆ ಕೈ ಊರಿ ಎದ್ದು ನಿಂತರು.

"ಜಾಸ್ತಿಯಂತೆ ಜಾಸ್ತಿ! ಈ ಮನೇಲಿ ಬಟ್ಟೆ ಒಗೆಯೋದು ಯಾರು, ನೀನಾ ನಾನಾ? ಹೇಳೋಕೆ ಬಂದಳು!" ಅವರ ದನಿ ಹಿತ್ತಲ ನಲ್ಲಿಯವರೆಗೂ ಕೇಳುವಷ್ಟಿತ್ತು. "ಕೊಡು ಆ ಬಟ್ಟೆ ಇಲ್ಲಿ!"

ಅವಳು ಕೊಡಲಿಲ್ಲ. ಒಂದು ತುದಿ ಅತ್ತೆಯ ಕೈಗೆ ಸಿಕ್ಕಿತ್ತು. ಇನ್ನೊಂದನ್ನು ಅವಳು ಹಿಡಿದೇ ಇದ್ದಳು.